ಇಂಧನ ಉಳಿತಾಯಕ್ಕಾಗಿ ಡೀಸೆಲ್ ಕಾರುಗಳಲ್ಲಿ ಮಾಲೀಕರು ಮಾಡಿಕೊಳ್ಳುವ ಮಾರ್ಪಾಡುಗಳು: ಸಾರ್ವಜನಿಕರಿಗೆ ಮಾಹಿತಿ

ಡೀಸೆಲ್ ಕಾರುಗಳ ಮಾಲೀಕರು ಮೈಲೇಜ್ ಹೆಚ್ಚಿಸಿಕೊಳ್ಳುವ ಉದ್ದೇಶದಿಂದ ಮನೆಯಲ್ಲಿಯೇ ಅಥವಾ ಪರಿಚಿತ ಮೆಕ್ಯಾನಿಕ್‌ಗಳ ನೆರವಿನಿಂದ ವಾಹನದ ಎಂಜಿನ್, ಏರ್ ಫಿಲ್ಟರ್, ಸೈಲೆನ್ಸರ್ ಹಾಗೂ ಇಂಧನ ವ್ಯವಸ್ಥೆಯಲ್ಲಿ ಬದಲಾವಣೆ ಮಾಡಿಕೊಳ್ಳುವುದುಂಟು. ಇಂತಹ ಬದಲಾವಣೆಗಳ ಪೈಕಿ ಕೆಲವಕ್ಕೆ ಯಾರ ಅನುಮತಿಯೂ ಬೇಕಿರುವುದಿಲ್ಲ. ಕೆಲವಕ್ಕೆ ನೋಂದಣಿ ಪ್ರಾಧಿಕಾರದ ಪೂರ್ವಾನುಮತಿ ಅವಶ್ಯಕ. ಇನ್ನು ಕೆಲವನ್ನು ಯಾವ ಅನುಮತಿಯ ಮೇಲೂ ಮಾಡುವಂತಿಲ್ಲ. ಈ ವ್ಯತ್ಯಾಸವು ಬಹುತೇಕ ಮಾಲೀಕರ ಅರಿವಿಗೆ ಬರುವುದು ನೋಂದಣಿ ನವೀಕರಣ, ಮಾಲೀಕತ್ವ ವರ್ಗಾವಣೆ ಅಥವಾ ಅಪಘಾತ ವಿಮೆಯ ಸಂದರ್ಭದಲ್ಲಿ, ಅಂದರೆ ಹಣ ಖರ್ಚಾಗಿ ಹೋದ ನಂತರ. ಸಾರಿಗೆ ಕಚೇರಿಗಳಲ್ಲಿ ಅರ್ಜಿ ಸಲ್ಲಿಸುವ ಮಾಲೀಕರ ಅನುಕೂಲಕ್ಕಾಗಿ ಈ ವಿಷಯದ ಕಾನೂನು, ತಾಂತ್ರಿಕ ಹಾಗೂ ಲೆಕ್ಕಾಚಾರದ ಅಂಶಗಳನ್ನು ಇಲ್ಲಿ ಒಟ್ಟಿಗೆ ನೀಡಲಾಗಿದೆ.

ಕಾನೂನಿನ ಉಪಬಂಧಗಳು

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 52ರ ಪ್ರಕಾರ, ನೋಂದಣಿ ಪ್ರಮಾಣ ಪತ್ರದಲ್ಲಿ ನಮೂದಾಗಿರುವ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವ ರೀತಿಯಲ್ಲಿ ಯಾವುದೇ ಮಾಲೀಕರು ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. ವಾಹನದ ಮೂಲ ಲಕ್ಷಣವನ್ನೇ ಬದಲಿಸುವಂತಹ ರಚನೆಯ ಬದಲಾವಣೆಯನ್ನು ಈ ಪ್ರಕರಣದಲ್ಲಿ ಮಾರ್ಪಾಡು ಎಂದು ವಿವರಿಸಲಾಗಿದೆ. 2019ರ ಜನವರಿ 9ರಂದು ಪ್ರಾದೇಶಿಕ ಸಾರಿಗೆ ಅಧಿಕಾರಿ ಮತ್ತು ಕೆ. ಜಯಚಂದ್ರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ತಯಾರಕರು ನಿರ್ದಿಷ್ಟಪಡಿಸಿದ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು.

ಅದೇ ವರ್ಷ ಅಧಿನಿಯಮಕ್ಕೆ ತಿದ್ದುಪಡಿಯಾಗಿ ಪ್ರಕರಣ 182ಎ ಸೇರ್ಪಡೆಯಾಯಿತು. ಅದರ ನಾಲ್ಕನೆಯ ಉಪ ಪ್ರಕರಣವು, ಅಧಿನಿಯಮ ಅಥವಾ ನಿಯಮಗಳು ಅನುಮತಿಸದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸುವ ಮಾಲೀಕರಿಗೆ ಆರು ತಿಂಗಳವರೆಗಿನ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡಿತು. ಬಿಡಿಭಾಗಗಳನ್ನು ಹೊರಗಿನಿಂದ ತಂದು ಅಳವಡಿಸುವುದೂ ಇದರಲ್ಲಿ ಸೇರಿದೆ. ಇಲ್ಲಿ "ಪ್ರತಿ ಮಾರ್ಪಾಡಿಗೆ" ಎಂಬ ಮಾತನ್ನು ಮಾಲೀಕರು ಗಮನವಿಟ್ಟು ಓದಬೇಕು. ಒಂದೇ ವಾಹನದಲ್ಲಿ ಮೂರು ಬದಲಾವಣೆಗಳಿದ್ದಲ್ಲಿ ಲೆಕ್ಕವೂ ಮೂರು ಬಾರಿಯದಾಗುತ್ತದೆ. ಇದಲ್ಲದೆ, ವಾಯುಮಾಲಿನ್ಯದ ಮಾನದಂಡಗಳನ್ನು ಉಲ್ಲಂಘಿಸುವ ವಾಹನವನ್ನು ರಸ್ತೆಯಲ್ಲಿ ಚಲಾಯಿಸುವುದು ಪ್ರಕರಣ 190ರ ಎರಡನೆಯ ಉಪ ಪ್ರಕರಣದಡಿ ಪ್ರತ್ಯೇಕ ಅಪರಾಧವಾಗಿರುತ್ತದೆ.

ಮೈಲೇಜ್ ಅಳೆಯುವ ಸರಿಯಾದ ಕ್ರಮ

ಯಾವುದೇ ಬದಲಾವಣೆಗೆ ಹಣ ಹಾಕುವ ಮುನ್ನ ವಾಹನದ ಈಗಿನ ಮೈಲೇಜ್ ಎಷ್ಟೆಂದು ಮಾಲೀಕರು ನಿಖರವಾಗಿ ತಿಳಿದಿರಬೇಕು. ಡ್ಯಾಶ್‌ಬೋರ್ಡಿನಲ್ಲಿ ಕಾಣುವ ಅಂಕಿಯು ಅಂದಾಜು ಮಾತ್ರ. ಬಂಕಿನಲ್ಲಿ ನಳಿಕೆಯು ತಾನಾಗಿಯೇ ನಿಲ್ಲುವವರೆಗೆ ಟ್ಯಾಂಕ್ ಭರ್ತಿ ಮಾಡಿಸಿ, ಆಗಿನ ಓಡೋಮೀಟರ್ ಅಂಕಿಯನ್ನು ಬರೆದುಕೊಳ್ಳಬೇಕು. ನಂತರ ಎಂದಿನಂತೆ ವಾಹನ ಓಡಿಸಿ, ಅದೇ ಬಂಕಿನಲ್ಲಿ, ಸಾಧ್ಯವಾದರೆ ಅದೇ ಪಂಪಿನಲ್ಲಿ, ಅದೇ ರೀತಿ ಪುನಃ ಭರ್ತಿ ಮಾಡಿಸಬೇಕು. ಓಡಿದ ಕಿಲೋಮೀಟರುಗಳನ್ನು ಎರಡನೆಯ ಬಾರಿ ಹಿಡಿಸಿದ ಲೀಟರುಗಳಿಂದ ಭಾಗಿಸಿದರೆ ಮೈಲೇಜ್ ದೊರೆಯುತ್ತದೆ.

ಒಂದೇ ಬಾರಿಯ ಲೆಕ್ಕವನ್ನು ನಂಬುವಂತಿಲ್ಲ. ಉದಾಹರಣೆಗೆ, 672 ಕಿ.ಮೀ. ಓಡಿದ ಕಾರಿಗೆ 42 ಲೀಟರು ಹಿಡಿಸಿದರೆ ಮೈಲೇಜ್ 16 ಕಿ.ಮೀ. ಆಗುತ್ತದೆ. ಬಂಕಿನ ನೆಲ ಸ್ವಲ್ಪ ಇಳಿಜಾರಿದ್ದು ಅಥವಾ ನಳಿಕೆ ಬೇಗ ನಿಂತು ಒಂದು ಲೀಟರು ಕಡಿಮೆ ಹಿಡಿಸಿದಲ್ಲಿ ಅದೇ ಕಾರಿನ ಮೈಲೇಜ್ 16.4 ಎಂದು ಕಾಣುತ್ತದೆ. ವಾಹನದಲ್ಲಿ ಏನೂ ಬದಲಾಗದಿದ್ದರೂ ಶೇಕಡ ಎರಡಕ್ಕಿಂತ ಹೆಚ್ಚಿನ ಸುಧಾರಣೆ ಕಾಗದದ ಮೇಲೆ ಮೂಡಿರುತ್ತದೆ. ಆದ್ದರಿಂದ ಬದಲಾವಣೆಗೆ ಮುನ್ನ ಕನಿಷ್ಠ ಮೂರು ಭರ್ತಿ, ನಂತರ ಮೂರು ಭರ್ತಿಗಳ ಸರಾಸರಿಯನ್ನು ಹೋಲಿಸುವುದು ಸೂಕ್ತ. ಮಳೆಗಾಲದ ಲೆಕ್ಕವನ್ನು ಬೇಸಿಗೆಯ ಲೆಕ್ಕದೊಂದಿಗೆ, ಹೆದ್ದಾರಿಯ ಪ್ರಯಾಣವನ್ನು ಪೇಟೆಯ ಓಡಾಟದೊಂದಿಗೆ ಹೋಲಿಸಬಾರದು. ಒಂದು ಪುಟ್ಟ ನೋಟು ಪುಸ್ತಕ ಕಾರಿನಲ್ಲಿದ್ದರೆ ಈ ಕೆಲಸಕ್ಕೆ ಸಾಕಾಗುತ್ತದೆ.

ಟೈರಿನ ಅಳತೆ ಬದಲಾದಾಗಲೂ ಲೆಕ್ಕ ತಪ್ಪುತ್ತದೆ. 185/65 ಆರ್15 ಅಳತೆಯ ಟೈರಿನ ಹೊರ ವ್ಯಾಸ 621.5 ಮಿ.ಮೀ. ಇದ್ದರೆ, 195/65 ಆರ್15 ಟೈರಿನದು 634.5 ಮಿ.ಮೀ. ಇರುತ್ತದೆ. ದೊಡ್ಡ ಟೈರು ಹಾಕಿಸಿದ ಕಾರು ವಾಸ್ತವವಾಗಿ ನೂರು ಕಿ.ಮೀ. ಓಡಿದಾಗ ಓಡೋಮೀಟರಿನಲ್ಲಿ ಸುಮಾರು 98 ಮಾತ್ರ ದಾಖಲಾಗುತ್ತದೆ. ಸ್ಪೀಡೋಮೀಟರ್ ಸಹ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ. ಮೈಲೇಜ್ ಬಿದ್ದಿತೆಂದು ಮೆಕ್ಯಾನಿಕ್‌ನ ಬಳಿ ಹೋಗುವ ಮುನ್ನ ಟೈರಿನ ಮೇಲಿನ ಅಂಕಿಗಳನ್ನು ಓದುವುದು ಒಳ್ಳೆಯದು.

ಉಳಿತಾಯದ ನಿಜವಾದ ಮೊತ್ತ

ವರ್ಷಕ್ಕೆ 15,000 ಕಿ.ಮೀ. ಓಡುವ, ಲೀಟರಿಗೆ 16 ಕಿ.ಮೀ. ಕೊಡುವ ಕಾರಿಗೆ ವರ್ಷಕ್ಕೆ 937.5 ಲೀಟರು ಡೀಸೆಲ್ ಬೇಕಾಗುತ್ತದೆ. ಯಾವುದೋ ಮಾರ್ಪಾಡಿನಿಂದ ಮೈಲೇಜ್ ಶೇಕಡ 5ರಷ್ಟು ಹೆಚ್ಚಿ 16.8 ಆಯಿತೆಂದು ಭಾವಿಸೋಣ. ಆಗ ಬೇಕಾಗುವುದು 892.9 ಲೀಟರು, ಉಳಿತಾಯ 44.6 ಲೀಟರು. ಲೆಕ್ಕಕ್ಕಾಗಿ ಲೀಟರಿಗೆ 90 ರೂಪಾಯಿ ಎಂದು ಇಟ್ಟುಕೊಂಡರೆ ವರ್ಷಕ್ಕೆ ಸುಮಾರು 4,014 ರೂಪಾಯಿ ಉಳಿಯುತ್ತದೆ. ಅನುಮತಿಯಿಲ್ಲದ ಒಂದೇ ಒಂದು ಮಾರ್ಪಾಡಿಗೆ ಮೇಲೆ ತಿಳಿಸಿದ ದಂಡದ ಮೊತ್ತ ಇದಕ್ಕಿಂತ ಹೆಚ್ಚಿನದು. ಮಾರ್ಪಾಡಿಗೆ 20,000 ರೂಪಾಯಿ ಖರ್ಚಾಗಿದ್ದಲ್ಲಿ, ಎಲ್ಲವೂ ಹೇಳಿದಂತೆಯೇ ನಡೆದರೂ, ಅಸಲು ವಾಪಸು ಬರಲು ಸುಮಾರು ಐದು ವರ್ಷ ಬೇಕು.

ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕವನ್ನು ಇಟ್ಟು ನೋಡಬಹುದು. ಸಣ್ಣ ಡೀಸೆಲ್ ಕಾರಿನ ಎಂಜಿನ್ ನಿಂತಲ್ಲೇ ಚಾಲೂ ಇದ್ದರೆ ಗಂಟೆಗೆ ಸುಮಾರು ಅರ್ಧ ಲೀಟರು ಡೀಸೆಲ್ ಉರಿಯುತ್ತದೆ. ಹವಾನಿಯಂತ್ರಣ ಹಾಕಿದ್ದರೆ ಇನ್ನೂ ಹೆಚ್ಚು. ಶಾಲೆಯ ಮುಂದೆ, ಸಿಗ್ನಲ್‌ನಲ್ಲಿ, ಮನೆಯ ಗೇಟಿನ ಬಳಿ ದಿನಕ್ಕೆ ಒಟ್ಟು ಇಪ್ಪತ್ತು ನಿಮಿಷದಂತೆ ವರ್ಷದಲ್ಲಿ 300 ದಿನ ಹೀಗೆ ನಿಂತರೆ ನೂರು ಗಂಟೆ, ಅಂದರೆ ಸುಮಾರು 50 ಲೀಟರು. ಮೇಲಿನ ಮಾರ್ಪಾಡಿನಿಂದ ಬರಬಹುದಾದ ಉಳಿತಾಯಕ್ಕಿಂತ ಇದು ಹೆಚ್ಚು. ಇದಕ್ಕೆ ಬೇಕಾದ ಉಪಕರಣ ಇಗ್ನಿಷನ್ ಕೀಲಿ ಒಂದೇ. ಅದನ್ನು ತಯಾರಕರು ಕಾರಿನ ಜೊತೆಯಲ್ಲಿಯೇ ಕೊಟ್ಟಿರುತ್ತಾರೆ.

ಅನುಮತಿ ಅಗತ್ಯವಿಲ್ಲದ ಕೆಲಸಗಳು

ಟೈರಿನ ಗಾಳಿಯ ಒತ್ತಡವನ್ನು ಚಾಲಕರ ಬಾಗಿಲಿನ ಅಂಚಿನಲ್ಲಿ ಅಥವಾ ಕೈಪಿಡಿಯಲ್ಲಿ ನಮೂದಿಸಿರುವಂತೆ, ಟೈರು ತಣ್ಣಗಿರುವಾಗ ಪರಿಶೀಲಿಸತಕ್ಕದ್ದು. ಅಮೆರಿಕದ ಇಂಧನ ಇಲಾಖೆಯ ಅಂದಾಜಿನಂತೆ ನಾಲ್ಕು ಟೈರುಗಳ ಸರಾಸರಿ ಒತ್ತಡ ಒಂದು ಪಿ.ಎಸ್.ಐ. ಇಳಿದರೆ ಇಂಧನ ದಕ್ಷತೆ ಸುಮಾರು ಶೇಕಡ 0.2ರಷ್ಟು ಕುಗ್ಗುತ್ತದೆ. ಅಂಕಿ ಚಿಕ್ಕದಾದರೂ, ತಿಂಗಳುಗಟ್ಟಲೆ ಗಾಳಿ ನೋಡದ ಟೈರು ಐದಾರು ಪಿ.ಎಸ್.ಐ. ಇಳಿದಿರುವುದು ಅಪರೂಪವಲ್ಲ. ಹೆಚ್ಚು ಗಾಳಿ ತುಂಬಿಸಿದರೆ ಹೆಚ್ಚು ಲಾಭ ಎಂಬ ತರ್ಕ ಇಲ್ಲಿ ಸಲ್ಲದು. ಟೈರಿನ ನಡುಭಾಗ ಬೇಗ ಸವೆದು, ಮಳೆಯಲ್ಲಿ ಬ್ರೇಕಿನ ಹಿಡಿತ ಕಡಿಮೆಯಾಗುತ್ತದೆ.

ಡಿಕ್ಕಿಯಲ್ಲಿ ಕಾಯಂ ಆಗಿ ಕುಳಿತಿರುವ ಸಾಮಾನುಗಳನ್ನು ಇಳಿಸುವುದರಿಂದಲೂ ಪ್ರಯೋಜನವಿದೆ. ಅದೇ ಇಲಾಖೆಯ ಪ್ರಕಾರ 45 ಕಿ.ಗ್ರಾಂ. ಹೆಚ್ಚುವರಿ ತೂಕಕ್ಕೆ ಸುಮಾರು ಶೇಕಡ ಒಂದರಷ್ಟು ಇಂಧನ ಹೆಚ್ಚು ತಗಲುತ್ತದೆ. ಧರ್ಮಸ್ಥಳ, ತಿರುಪತಿ ಪ್ರವಾಸಕ್ಕೆಂದು ವರ್ಷಕ್ಕೊಮ್ಮೆ ಬೇಕಾಗುವ ಮೇಲ್ಛಾವಣಿಯ ಕ್ಯಾರಿಯರನ್ನು ವರ್ಷವಿಡೀ ಹೊತ್ತು ತಿರುಗುವುದಕ್ಕೆ ಕಾರಣವಿಲ್ಲ. ಹೆದ್ದಾರಿಯ ವೇಗದಲ್ಲಿ ಗಾಳಿಯ ಪ್ರತಿರೋಧವೇ ಡೀಸೆಲ್ಲಿನ ದೊಡ್ಡ ಪಾಲನ್ನು ತಿನ್ನುತ್ತದೆ, ಮತ್ತು ಆ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 80 ಕಿ.ಮೀ. ವೇಗದಿಂದ 100ಕ್ಕೆ ಏರಿಸಿದಾಗ ವೇಗ ಹೆಚ್ಚುವುದು ಕಾಲು ಭಾಗ. ಗಾಳಿಯ ತಡೆ ಹೆಚ್ಚುವುದು ಶೇಕಡ 56ರಷ್ಟು. 150 ಕಿ.ಮೀ. ಪ್ರಯಾಣದಲ್ಲಿ ಇದರಿಂದ ಉಳಿಯುವ ಸಮಯ ಇಪ್ಪತ್ತೆರಡೂವರೆ ನಿಮಿಷ ಮಾತ್ರ.

ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಮತ್ತು ಎಂಜಿನ್ ಆಯಿಲನ್ನು ಕೈಪಿಡಿಯ ಅವಧಿಯಂತೆ, ನಿಗದಿತ ದರ್ಜೆಯದನ್ನೇ ಬಳಸಿ ಬದಲಾಯಿಸುವುದು, ಚಕ್ರಗಳ ಅಲೈನ್‌ಮೆಂಟ್ ಮಾಡಿಸುವುದು, ಬ್ರೇಕ್ ಹಿಡಿದುಕೊಂಡಿದೆಯೇ ಎಂದು ನೋಡುವುದು ನಿರ್ವಹಣೆಯ ಭಾಗಗಳು. ಪ್ರಯಾಣದ ನಂತರ ಒಂದು ಚಕ್ರದ ಬಳಿ ಮಾತ್ರ ಅತಿಯಾದ ಬಿಸಿ ತಟ್ಟಿದರೆ ಆ ಚಕ್ರದ ಬ್ರೇಕ್ ಸಡಿಲಗೊಳ್ಳುತ್ತಿಲ್ಲವೆಂದು ತಿಳಿಯಬಹುದು. ಕಾರನ್ನು ಜ್ಯಾಕ್ ಮೇಲೆ ಮಾತ್ರ ನಿಲ್ಲಿಸಿ ಯಾರೂ ಅದರ ಕೆಳಗೆ ತೂರಬಾರದು.

ಘಟ್ಟದ ರಸ್ತೆಗಳಲ್ಲಿನ ಒಂದು ಅಭ್ಯಾಸವನ್ನು ಇಲ್ಲಿ ಪ್ರಸ್ತಾಪಿಸುವುದು ಅವಶ್ಯಕ. ಚಾರ್ಮಾಡಿ, ಶಿರಾಡಿ, ಆಗುಂಬೆ ಘಟ್ಟಗಳನ್ನು ಇಳಿಯುವಾಗ ಡೀಸೆಲ್ ಉಳಿಸಲೆಂದು ಗೇರನ್ನು ನ್ಯೂಟ್ರಲ್‌ಗೆ ಹಾಕುವ, ಕೆಲವೊಮ್ಮೆ ಎಂಜಿನ್ನನ್ನೇ ನಿಲ್ಲಿಸುವ ಚಾಲಕರಿದ್ದಾರೆ. ಎಲೆಕ್ಟ್ರಾನಿಕ್ ನಿಯಂತ್ರಣದ ಡೀಸೆಲ್ ಕಾರುಗಳಲ್ಲಿ, ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಯುವಾಗ, ಎಂಜಿನ್ನಿಗೆ ಡೀಸೆಲ್ ಹರಿಯುವುದು ನಿಂತುಹೋಗುತ್ತದೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುತ್ತವೆ. ನ್ಯೂಟ್ರಲ್‌ಗೆ ಹಾಕಿದೊಡನೆ ಎಂಜಿನ್ ತಾನು ನಿಲ್ಲದಿರುವುದಕ್ಕಾಗಿ ಡೀಸೆಲ್ ಉರಿಸತೊಡಗುತ್ತದೆ. ಅಂದರೆ ಉಳಿತಾಯಕ್ಕೆಂದು ಮಾಡುವ ಕೆಲಸದಿಂದ ಖರ್ಚೇ ಹೆಚ್ಚುತ್ತದೆ. ಎಂಜಿನ್ ನಿಲ್ಲಿಸಿದಲ್ಲಿ ಬ್ರೇಕಿನ ಹಾಗೂ ಸ್ಟೀರಿಂಗಿನ ಸಹಾಯಕ ಶಕ್ತಿ ಇಲ್ಲವಾಗುತ್ತದೆ. ಕೀಲಿ ತೆಗೆದರೆ ಸ್ಟೀರಿಂಗ್ ಬಿಗಿದುಕೊಳ್ಳಬಹುದು. ಯಾವ ಗೇರಿನಲ್ಲಿ ಘಟ್ಟ ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕೆಂಬ ಹಳೆಯ ಲಾರಿ ಚಾಲಕರ ಪಾಠವೇ ಸುರಕ್ಷಿತ, ಅಗ್ಗವೂ ಹೌದು.

ಮಾರುಕಟ್ಟೆಯಲ್ಲಿ ದೊರೆಯುವ ಸಾಧನಗಳು

ಇಂಧನ ಕೊಳವೆಗೆ ಕಟ್ಟುವ ಅಯಸ್ಕಾಂತ, ಗಾಳಿಯನ್ನು ಸುಳಿಯಾಗಿಸುವ ತಗಡು, ಟ್ಯಾಂಕಿಗೆ ಹಾಕುವ ಗುಳಿಗೆ, ನೀರಿನಿಂದ ಹೈಡ್ರೋಜನ್ ತೆಗೆದು ಎಂಜಿನ್ನಿಗೆ ಕೊಡುವ ಪೆಟ್ಟಿಗೆ ಮುಂತಾದವುಗಳ ಬಗ್ಗೆ ಮಾಲೀಕರು ಆಗಾಗ ವಿಚಾರಿಸುತ್ತಾರೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ನೂರಕ್ಕೂ ಹೆಚ್ಚು ಇಂತಹ ಸಾಧನಗಳನ್ನು ಪರಿಶೀಲಿಸಿದ್ದು, ಬಹುಪಾಲು ಸಾಧನಗಳಿಂದ ಗಣನೀಯ ಪ್ರಯೋಜನ ಕಂಡುಬಂದಿಲ್ಲ. ಹೈಡ್ರೋಜನ್ ಪೆಟ್ಟಿಗೆಯ ವಿಷಯದಲ್ಲಿ ಪರೀಕ್ಷೆಯೂ ಬೇಕಿಲ್ಲ. ನೀರನ್ನು ಒಡೆಯಲು ಬೇಕಾದ ವಿದ್ಯುತ್ತು ಬರುವುದು ಆಲ್ಟರ್ನೇಟರಿನಿಂದ, ಆಲ್ಟರ್ನೇಟರ್ ತಿರುಗುವುದು ಎಂಜಿನ್ನಿನಿಂದ, ಎಂಜಿನ್ ನಡೆಯುವುದು ಡೀಸೆಲ್ಲಿನಿಂದ. ಪ್ರತಿ ಹಂತದಲ್ಲೂ ಶಕ್ತಿ ಸೋರುವುದರಿಂದ ಕೊನೆಯಲ್ಲಿ ದೊರೆಯುವ ಹೈಡ್ರೋಜನ್ನಿನ ಶಕ್ತಿಯು ಅದಕ್ಕಾಗಿ ಉರಿಸಿದ ಡೀಸೆಲ್ಲಿನ ಶಕ್ತಿಗಿಂತ ಕಡಿಮೆಯೇ ಆಗಿರುತ್ತದೆ.

ಹೆಚ್ಚು ಗಾಳಿ ಬಿಡುವ ದುಬಾರಿ ಏರ್ ಫಿಲ್ಟರುಗಳಿಂದಲೂ ಡೀಸೆಲ್ ಕಾರಿನಲ್ಲಿ ಮೈಲೇಜ್ ಹೆಚ್ಚಲು ಆಸ್ಪದ ಕಡಿಮೆ. ಪೆಟ್ರೋಲ್ ಎಂಜಿನ್ನಿನಂತೆ ಗಾಳಿಯನ್ನು ತಡೆಹಿಡಿದು ಶಕ್ತಿಯನ್ನು ನಿಯಂತ್ರಿಸುವ ಕ್ರಮ ಡೀಸೆಲ್ ಎಂಜಿನ್ನಿನಲ್ಲಿಲ್ಲ. ಇಲ್ಲಿ ಹೆಚ್ಚುಕಡಿಮೆಯಾಗುವುದು ಡೀಸೆಲ್ಲಿನ ಪ್ರಮಾಣ. ಸಾಧಾರಣ ವೇಗದಲ್ಲಿ ಸಾಗುವಾಗ ಅದಕ್ಕೆ ಬೇಕಾದುದಕ್ಕಿಂತ ಹೆಚ್ಚಿನ ಗಾಳಿ ಆಗಲೇ ಒಳಗಿರುತ್ತದೆ.

ಮುಟ್ಟಬಾರದ ಭಾಗಗಳು

ಇ.ಜಿ.ಆರ್. ವಾಲ್ವ್ ಮುಚ್ಚುವುದು, ಸೈಲೆನ್ಸರಿನ ಮಸಿ ಶೋಧಕವನ್ನು ತೆಗೆಸುವುದು, ಎಂಜಿನ್ನಿನ ಕಂಪ್ಯೂಟರಿನ ತಂತ್ರಾಂಶ ಬದಲಿಸುವುದು: ಈ ಮೂರು ಈಚಿನ ವರ್ಷಗಳಲ್ಲಿ ಹೆಚ್ಚು ಪ್ರಚಾರದಲ್ಲಿವೆ. ಇವುಗಳ ಹೆಸರು ಆರ್.ಸಿ.ಯಲ್ಲಿ ಇರುವುದಿಲ್ಲವಾದ್ದರಿಂದ ಇವನ್ನು ಬದಲಿಸಿದರೆ ತಪ್ಪಿಲ್ಲವೆಂಬ ಭಾವನೆ ಮಾಲೀಕರಲ್ಲಿದೆ. ಅದು ಸರಿಯಲ್ಲ. ವಾಹನದ ಮಾದರಿಗೆ ಮಂಜೂರಾತಿ ದೊರೆತಿರುವುದೇ ಈ ಭಾಗಗಳು ಸೇರಿದಂತೆ ನಡೆಸಿದ ಹೊಗೆ ಪರೀಕ್ಷೆಯ ಆಧಾರದ ಮೇಲೆ.

ಇ.ಜಿ.ಆರ್. ವ್ಯವಸ್ಥೆಯು ಉರಿದ ಹೊಗೆಯ ಸ್ವಲ್ಪ ಭಾಗವನ್ನು ಪುನಃ ಎಂಜಿನ್ನಿಗೆ ಕಳುಹಿಸಿ ಉರಿಯ ತಾಪವನ್ನು ತಗ್ಗಿಸುತ್ತದೆ. ಇದರಿಂದ ಸಾರಜನಕದ ಆಕ್ಸೈಡುಗಳು ಕಡಿಮೆಯಾಗುತ್ತವೆ. ತಗಡಿನ ತುಂಡಿನಿಂದ ಅದನ್ನು ಮುಚ್ಚಿದರೆ ಎಂಜಿನ್ ಒಳಗೆ ಮಸಿ ಕಟ್ಟುವುದು ಕಡಿಮೆಯಾಗುವುದು ನಿಜ. ಆದರೆ ಕಣ್ಣಿಗೆ ಕಾಣದ ಆ ವಿಷಾನಿಲ ಹೆಚ್ಚುತ್ತದೆ. ಹೊಗೆ ತಪಾಸಣಾ ಕೇಂದ್ರದ ಯಂತ್ರವು ಡೀಸೆಲ್ ವಾಹನದಲ್ಲಿ ಅಳೆಯುವುದು ಹೊಗೆಯ ಸಾಂದ್ರತೆಯನ್ನು ಮಾತ್ರ. ಈ ಅನಿಲವನ್ನು ಅಳೆಯುವುದಿಲ್ಲ. ಆದ್ದರಿಂದ ಹೊಗೆ ತಪಾಸಣೆಯಲ್ಲಿ ಪಾಸಾಯಿತೆಂಬುದು ವಾಹನ ಮೂಲ ಸ್ಥಿತಿಯಲ್ಲಿದೆ ಎಂಬುದಕ್ಕೆ ಪುರಾವೆಯಲ್ಲ. ಈಚಿನ ಕಾರುಗಳಲ್ಲಿ ಈ ಲೋಪವು ಎಂಜಿನ್ ಎಚ್ಚರಿಕೆ ದೀಪದ ಮೂಲಕ ಹಾಗೂ ಕಂಪ್ಯೂಟರಿನಲ್ಲಿ ದಾಖಲಾಗುವ ಸಂಕೇತದ ಮೂಲಕ ಗೊತ್ತಾಗುತ್ತದೆ.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ಮಾನದಂಡದ ಡೀಸೆಲ್ ಕಾರುಗಳಲ್ಲಿ ಮಸಿ ಶೋಧಕವಿರುತ್ತದೆ. ಸಂಗ್ರಹವಾದ ಮಸಿಯನ್ನು ಅದು ಆಗಾಗ ಸುಮಾರು 600 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಸುಟ್ಟುಕೊಳ್ಳಬೇಕು. ಇದಕ್ಕಾಗಿ ಸ್ವಲ್ಪ ಡೀಸೆಲ್ ಹೆಚ್ಚಾಗಿ ವ್ಯಯವಾಗುತ್ತದೆ. ದಿನವೂ ಮೂರು ನಾಲ್ಕು ಕಿ.ಮೀ. ಮಾತ್ರ ಓಡುವ ಕಾರಿನಲ್ಲಿ ಈ ಕ್ರಿಯೆ ಅರ್ಧಕ್ಕೇ ನಿಲ್ಲುತ್ತದೆ, ಪುನಃ ಆರಂಭವಾಗುತ್ತದೆ, ಪುನಃ ನಿಲ್ಲುತ್ತದೆ. ಮೈಲೇಜ್ ಕುಸಿಯುತ್ತದೆ, ಎಚ್ಚರಿಕೆ ದೀಪ ಹತ್ತುತ್ತದೆ, ಮಾಲೀಕರಿಗೆ ಶೋಧಕವನ್ನೇ ಕಿತ್ತುಹಾಕುವ ಸಲಹೆ ದೊರೆಯುತ್ತದೆ. ದೀಪ ಹತ್ತಿದಾಗ ಕೈಪಿಡಿಯಲ್ಲಿ ಹೇಳಿರುವಂತೆ ಹೊರವಲಯದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿಸಿದರೆ ಬಹುತೇಕ ಸಂದರ್ಭಗಳಲ್ಲಿ ಸಮಸ್ಯೆ ಪರಿಹಾರವಾಗುತ್ತದೆ. ಪೇಟೆಯೊಳಗೆ ಅಲ್ಪ ದೂರ ಮಾತ್ರ ಓಡಾಡುವವರು ಡೀಸೆಲ್ ಕಾರು ಕೊಳ್ಳದಿರುವುದೇ ಮೇಲು. ಮಾರಾಟಗಾರರು ಇದನ್ನು ಹೇಳುವುದು ಕಡಿಮೆ.

ಕೆಲವು ಕಾರುಗಳಿಗೆ ಯೂರಿಯಾ ದ್ರಾವಣ ಹಾಕಬೇಕಾಗುತ್ತದೆ. ಇದು ಶೇಕಡ 32.5ರಷ್ಟು ಶುದ್ಧ ಯೂರಿಯಾ ಇರುವ ದ್ರಾವಣ. ಗೊಬ್ಬರದ ಅಂಗಡಿಯ ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಬಳಸಿದರೆ ಅದರಲ್ಲಿನ ಬೇವಿನ ಲೇಪ ಹಾಗೂ ಕಲ್ಮಶಗಳಿಂದ ವ್ಯವಸ್ಥೆ ಕಟ್ಟಿಕೊಳ್ಳುತ್ತದೆ. ಇದಲ್ಲದೆ, ರಸಗೊಬ್ಬರ ನಿಯಂತ್ರಣ ಆದೇಶ, 1985ರ ಅನ್ವಯ ಗೊಬ್ಬರವನ್ನು ಕೃಷಿಯೇತರ ಉದ್ದೇಶಕ್ಕೆ ಬಳಸುವಂತಿಲ್ಲ.

ಕಾಮನ್ ರೈಲ್ ಎಂಜಿನ್ನಿನ ಇಂಜೆಕ್ಟರ್ ಕೊಳವೆಗಳನ್ನು ಮನೆಯಲ್ಲಿ ಸಡಿಲಿಸಲೇಬಾರದು. ಅದರಲ್ಲಿನ ಒತ್ತಡ ಸಾವಿರ ಬಾರ್‌ಗಿಂತ ಹೆಚ್ಚು. ಕೂದಲೆಳೆಯಷ್ಟು ಸೋರಿಕೆಯೂ ಚರ್ಮವನ್ನು ಭೇದಿಸಿ ಡೀಸೆಲ್ಲನ್ನು ಮಾಂಸದೊಳಕ್ಕೆ ನುಗ್ಗಿಸಬಲ್ಲದು. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು ಕಂಡರೂ ಒಳಗಿನ ಹಾನಿ ತೀವ್ರವಾಗಿರುತ್ತದೆ. ಹೀಗಾದಲ್ಲಿ ನೋವಿಗಾಗಿ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ, ಒತ್ತಡದ ಡೀಸೆಲ್ ಹೊಕ್ಕಿದೆ ಎಂದು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸತಕ್ಕದ್ದು. ಬೆರಳು ಉಳಿಯುವುದು ಇದರ ಮೇಲೆ ಅವಲಂಬಿಸಿರುತ್ತದೆ.

ಯಾಂತ್ರಿಕ ಪಂಪಿನ ಹಳೆಯ ಕಾರುಗಳಲ್ಲಿ ಪಂಪಿನ ಸೀಲು ಒಡೆದು ಸ್ಕ್ರೂ ತಿರುಗಿಸುವ ರೂಢಿ ಇದೆ. ಡೀಸೆಲ್ ಕಡಿಮೆ ಮಾಡಿದರೆ ಕಾರು ಏರಿನಲ್ಲಿ ಏದುತ್ತದೆ, ಚಾಲಕರು ಕೆಳಗಿನ ಗೇರಿಗೆ ಇಳಿಸುತ್ತಾರೆ, ಉಳಿದ ಡೀಸೆಲ್ ಅಲ್ಲಿಯೇ ಹೋಗುತ್ತದೆ. ಹೆಚ್ಚು ಮಾಡಿದರೆ ಕರಿ ಹೊಗೆ. ಭಾರತ್ ಸ್ಟೇಜ್ 4ಕ್ಕಿಂತ ಹಿಂದಿನ ಡೀಸೆಲ್ ವಾಹನಗಳಿಗೆ ನಿಯಮ 115ರಡಿ ಹೊಗೆಯ ಮಿತಿ 65 ಹಾರ್ಟ್‌ರಿಜ್ ಘಟಕ; ಸ್ಟೇಜ್ 4ರ ವಾಹನಗಳಿಗೆ 50. ಪಂಪಿನ ಕೆಲಸವನ್ನು ಪರೀಕ್ಷಾ ಬೆಂಚ್ ಇರುವ ಡೀಸೆಲ್ ಪಂಪ್ ಸರ್ವಿಸ್ ಕೇಂದ್ರದಲ್ಲಿಯೇ ಮಾಡಿಸುವುದು ಸೂಕ್ತ.

ಹೊಂಗೆ ಎಣ್ಣೆ, ಸೀಮೆಎಣ್ಣೆ ಮತ್ತು ಬಯೋಡೀಸೆಲ್

1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ನೊಂದು ಕಡಲೆಕಾಯಿ ಎಣ್ಣೆಯಿಂದ ನಡೆದಿತ್ತು. ನಮ್ಮ ರಾಜ್ಯದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ ಅವರು ಸೂತ್ರ ಕಾರ್ಯಕ್ರಮದಡಿ ಹಳ್ಳಿಗಳಲ್ಲಿ ಹೊಂಗೆ ಎಣ್ಣೆಯಿಂದ ಡೀಸೆಲ್ ಜನರೇಟರುಗಳನ್ನು ನಡೆಸಿ ತೋರಿಸಿದರು. ಇದನ್ನು ಕೇಳಿದ ಮಾಲೀಕರಲ್ಲಿ, ಮನೆಯಂಗಳದ ಹೊಂಗೆ ಮರದಿಂದ ಕಾರನ್ನೂ ಓಡಿಸಬಹುದಲ್ಲವೇ ಎಂಬ ಪ್ರಶ್ನೆ ಏಳುವುದು ಸಹಜ.

ಜನರೇಟರ್ ಒಂದೇ ವೇಗದಲ್ಲಿ, ಒಂದೇ ಕಡೆ ನಿಂತು, ಬಿಸಿಯಾಗಿಯೇ ನಡೆಯುವ ಗಡಸು ಎಂಜಿನ್. ಕಾರಿನದು ಹಾಗಲ್ಲ. ಡೀಸೆಲ್ಲಿನ ಸ್ನಿಗ್ಧತೆ 40 ಡಿಗ್ರಿಯಲ್ಲಿ 2ರಿಂದ 4.5 ಸೆಂಟಿಸ್ಟೋಕ್ ಇರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಹೊಂಗೆ ಎಣ್ಣೆಯದು ಅದರ ಸುಮಾರು ಹತ್ತು ಪಟ್ಟು. ಕಾಮನ್ ರೈಲ್ ಇಂಜೆಕ್ಟರಿನ ಸೂಕ್ಷ್ಮ ರಂಧ್ರಗಳಲ್ಲಿ ಇಂತಹ ದಪ್ಪ ಎಣ್ಣೆ ಸರಿಯಾಗಿ ಸಿಡಿಯದೆ, ಅರೆಬೆಂದು, ಅಂಟಾಗಿ ಕೂರುತ್ತದೆ. ಎಣ್ಣೆಯನ್ನು ಬಯೋಡೀಸೆಲ್ಲಾಗಿ ಪರಿವರ್ತಿಸಲು ಮೆಥನಾಲ್ ಮತ್ತು ಕಾಸ್ಟಿಕ್ ಬೇಕು. ಮೆಥನಾಲ್ ಬೇಗ ಹೊತ್ತಿಕೊಳ್ಳುವ, ಕಣ್ಣು ಕಳೆಯಬಲ್ಲ ವಿಷ. ಅಡುಗೆಮನೆಯಲ್ಲಿ ನಡೆಸುವ ಕೆಲಸ ಇದಲ್ಲ. ಬಯೋಡೀಸೆಲ್ಲಿನ ಚಿಲ್ಲರೆ ಮಾರಾಟಕ್ಕೆ ಕೇಂದ್ರ ಪೆಟ್ರೋಲಿಯಂ ಸಚಿವಾಲಯವು 2019ರ ಏಪ್ರಿಲ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಬಯೋಡೀಸೆಲ್ ಹೆಸರಿನಲ್ಲಿ ಡ್ರಮ್ಮುಗಳಿಂದ ಅಗ್ಗಕ್ಕೆ ಮಾರುವ ಎಣ್ಣೆಯನ್ನು ರಸೀದಿ ಇಲ್ಲದೆ ಕೊಳ್ಳಬಾರದು.

ಸೀಮೆಎಣ್ಣೆ ಬೆರೆಸುವುದರ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಅದು ಕಲಬೆರಕೆ, ಪಂಪಿಗೆ ಬೇಕಾದ ಜಿಡ್ಡಿನಂಶ ಅದರಲ್ಲಿ ಇರುವುದಿಲ್ಲ. ಲೀಟರಿನಲ್ಲಿ ಉಳಿದ ಹಣ ಪಂಪಿನ ದುರಸ್ತಿಗೆ ಹೋಗುತ್ತದೆ.

ಅನುಮತಿ ಪಡೆದು ಮಾಡಬಹುದಾದ ಪರಿವರ್ತನೆ

ಬೇರೆ ಇಂಧನಕ್ಕೆ ವಾಹನವನ್ನು ಪರಿವರ್ತಿಸಲು ಪ್ರಕರಣ 52ರಲ್ಲಿಯೇ ಷರತ್ತುಬದ್ಧ ಅವಕಾಶವಿದೆ. ವಿದ್ಯುತ್ ಅಥವಾ ಹೈಬ್ರಿಡ್ ಕಿಟ್ ಅಳವಡಿಕೆಗೆ ಎ.ಐ.ಎಸ್. 123 ಮಾನಕವಿದೆ. 3.5 ಟನ್ನಿಗಿಂತ ಕಡಿಮೆ ತೂಕದ ಭಾರತ್ ಸ್ಟೇಜ್ 6 ವಾಹನಗಳಲ್ಲಿ ಡೀಸೆಲ್ ಎಂಜಿನ್ನಿಗೆ ಬದಲಾಗಿ ಸಿ.ಎನ್.ಜಿ. ಅಥವಾ ಎಲ್.ಪಿ.ಜಿ. ಎಂಜಿನ್ ಅಳವಡಿಸಲು 2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಅವಕಾಶ ಕಲ್ಪಿಸಿತು. ಎಲ್ಲ ಸಂದರ್ಭಗಳಲ್ಲಿಯೂ ಕಿಟ್, ಪುಣೆಯ ಎ.ಆರ್.ಎ.ಐ. ಅಥವಾ ಮಾನೇಸರದ ಐಕ್ಯಾಟ್‌ನಂತಹ ಅಧಿಕೃತ ಪರೀಕ್ಷಾ ಸಂಸ್ಥೆಯಿಂದ ಆಯಾ ಮಾದರಿಯ ವಾಹನಕ್ಕೇ ಅನುಮೋದಿತವಾಗಿರಬೇಕು, ಮತ್ತು ಅಧಿಕೃತ ಅಳವಡಿಕೆ ಕೇಂದ್ರದಲ್ಲಿಯೇ ಜೋಡಿಸಿರಬೇಕು. ಮನೆಯಲ್ಲಿ ಎಷ್ಟು ಅಚ್ಚುಕಟ್ಟಾಗಿ ಜೋಡಿಸಿದ್ದರೂ ನೋಂದಣಿ ಪ್ರಾಧಿಕಾರವು ಅದನ್ನು ದಾಖಲಿಸಲು ಬರುವುದಿಲ್ಲ. ಹಣ ತೆರುವ ಮುನ್ನ ಅನುಮೋದನಾ ಪತ್ರದ ಪ್ರತಿಯನ್ನು ಕೇಳಿ ಪಡೆದು, ಅದರಲ್ಲಿ ತಮ್ಮ ಕಾರಿನ ಮಾದರಿಯ ಹೆಸರಿದೆಯೇ ಎಂದು ಓದಿ ನೋಡಬೇಕು.

ಪೂರ್ವಾನುಮತಿಯ ಅರ್ಜಿಯೊಂದಿಗೆ ಮೂಲ ನೋಂದಣಿ ಪ್ರಮಾಣ ಪತ್ರ, ಚಾಲ್ತಿಯಲ್ಲಿರುವ ವಿಮೆ ಹಾಗೂ ವಾಯುಮಾಲಿನ್ಯ ತಪಾಸಣಾ ಪತ್ರ, ಕಿಟ್ಟಿನ ಅನುಮೋದನಾ ಪತ್ರ ಮತ್ತು ನಿಗದಿತ ಶುಲ್ಕ ಸಲ್ಲಿಸಬೇಕಾಗುತ್ತದೆ. ಸಾಲ ಪಡೆದು ಕೊಂಡ ವಾಹನವಾದಲ್ಲಿ ಹಣಕಾಸು ಸಂಸ್ಥೆಯ ಲಿಖಿತ ಒಪ್ಪಿಗೆಯನ್ನೂ ಮೊದಲೇ ಪಡೆದಿಟ್ಟುಕೊಳ್ಳುವುದು ಒಳಿತು. ಅಳವಡಿಕೆಯ ನಂತರ ವಾಹನವನ್ನು ತಪಾಸಣೆಗೆ ಹಾಜರುಪಡಿಸಿ ಆರ್.ಸಿ.ಯಲ್ಲಿ ಇಂಧನದ ನಮೂದನ್ನು ಬದಲಾಯಿಸಿಕೊಳ್ಳತಕ್ಕದ್ದು, ಮತ್ತು ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸತಕ್ಕದ್ದು. ವಿಮಾ ಕಂಪನಿಗೆ ತಿಳಿಸದ ಮಾರ್ಪಾಡು ಅಪಘಾತದ ನಂತರ ಪರಿಹಾರದ ತಕರಾರಿಗೆ ಕಾರಣವಾಗುತ್ತದೆ. ಆಗ ಮಾಲೀಕರ ಬಳಿ ಹೇಳಲು ಏನೂ ಉಳಿದಿರುವುದಿಲ್ಲ.

ಈಗಾಗಲೇ ಮಾರ್ಪಾಡು ಮಾಡಿಸಿಕೊಂಡವರಿಗೆ

ಅನುಮೋದನೆ ಇಲ್ಲದೆ ಎಂಜಿನ್ ಬದಲಿಸಿದ್ದಲ್ಲಿ ಹದಿನಾಲ್ಕು ದಿನಗಳೊಳಗೆ ತಮ್ಮ ವ್ಯಾಪ್ತಿಯ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಿ ಆರ್.ಸಿ. ಹಾಜರುಪಡಿಸತಕ್ಕದ್ದು. ಹೊಸ ಎಂಜಿನ್ನಿನ ಖರೀದಿ ರಸೀದಿ ಜೊತೆಯಲ್ಲಿರಬೇಕು. ಗುಜರಿಯಿಂದ ರಸೀದಿ ಇಲ್ಲದೆ ತಂದ ಎಂಜಿನ್ನಿನ ಸಂಖ್ಯೆ ಕಳವಾದ ವಾಹನದ್ದಾಗಿದ್ದರೆ ವಿಷಯ ಸಾರಿಗೆ ಕಚೇರಿಯಲ್ಲಿ ಮುಗಿಯುವುದಿಲ್ಲ.

ಇ.ಜಿ.ಆರ್., ಮಸಿ ಶೋಧಕ, ತಂತ್ರಾಂಶ ಮುಂತಾದವನ್ನು ಬದಲಿಸಿದವರು ಮೂಲ ಭಾಗಗಳನ್ನು ಪುನಃ ಅಳವಡಿಸಿ, ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರದ ಬಿಲ್ಲನ್ನು ಕಾಯ್ದಿರಿಸಿಕೊಳ್ಳಬೇಕು. ಮಾರ್ಪಾಡು ಮಾಡುವಾಗ ತೆಗೆದ ಮೂಲ ಭಾಗವನ್ನು ಮೆಕ್ಯಾನಿಕ್‌ನ ಬಳಿ ಬಿಟ್ಟುಬಂದಿದ್ದಲ್ಲಿ ಮೊದಲು ಅದನ್ನು ಕೇಳಿ ತರುವುದು ಲಾಭಕರ. ಮಸಿ ಶೋಧಕದ ಹೊಸ ಭಾಗ ಬಹಳ ದುಬಾರಿ. ಬಳಸಿದ ಕಾರನ್ನು ಕೊಳ್ಳುವವರು ಮಾರಾಟ ಪತ್ರಗಳಿಗೆ ಸಹಿ ಹಾಕುವ ಮುನ್ನ ಕಾರನ್ನು ಸರ್ವಿಸ್ ಕೇಂದ್ರದಲ್ಲಿ ಸ್ಕ್ಯಾನ್ ಮಾಡಿಸುವುದು ಒಳಿತು. ಹಿಂದಿನ ಮಾಲೀಕರು ಮಾಡಿಸಿದ ಮಾರ್ಪಾಡಿಗೂ ವರ್ಗಾವಣೆಯ ನಂತರ ಉತ್ತರ ಕೊಡಬೇಕಾದವರು ಹೊಸ ಮಾಲೀಕರೇ.

ಹದಿನೈದು ವರ್ಷ ಪೂರೈಸುವ ಖಾಸಗಿ ಕಾರುಗಳ ನೋಂದಣಿ ನವೀಕರಣಕ್ಕೆ ನಮೂನೆ 25ರಲ್ಲಿ, ಅವಧಿ ಮುಗಿಯುವ ಮುನ್ನಿನ ಅರವತ್ತು ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ನವೀಕರಣ ಐದು ವರ್ಷಗಳಿಗೆ ದೊರೆಯುತ್ತದೆ. ತಪಾಸಣೆಯ ದಿನಕ್ಕೆ ವಾಯುಮಾಲಿನ್ಯ ತಪಾಸಣಾ ಪತ್ರ ಚಾಲ್ತಿಯಲ್ಲಿರಬೇಕು. ಭಾರತ್ ಸ್ಟೇಜ್ 4 ಮತ್ತು ನಂತರದ ವಾಹನಗಳಿಗೆ ಅದು ಹನ್ನೆರಡು ತಿಂಗಳು, ಅದಕ್ಕಿಂತ ಹಳೆಯವುಗಳಿಗೆ ಆರು ತಿಂಗಳು ಮಾನ್ಯವಾಗಿರುತ್ತದೆ. ಹಳೆಯ ಡೀಸೆಲ್ ಕಾರುಗಳ ಮಾಲೀಕರು ತಪಾಸಣೆಗೆ ಒಂದು ವಾರ ಮೊದಲೇ ಏರ್ ಫಿಲ್ಟರ್ ಬದಲಿಸಿ, ಹೊಗೆ ಪರೀಕ್ಷೆ ಮಾಡಿಸಿಕೊಂಡರೆ, ಮಿತಿ ಮೀರಿದಲ್ಲಿ ಇಂಜೆಕ್ಟರುಗಳನ್ನು ಸರಿಪಡಿಸಿಕೊಳ್ಳಲು ಸಮಯ ಉಳಿದಿರುತ್ತದೆ. ಎಂಜಿನ್ ಮತ್ತು ಚಾಸಿ ಸಂಖ್ಯೆಗಳ ಮೇಲಿನ ಜಿಡ್ಡನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಅಂಕಿಗಳು ಓದಲು ಬರುವಂತೆ ಇಟ್ಟುಕೊಂಡು ಬರತಕ್ಕದ್ದು.